ರಥದ ಪಕ್ಕದಲ್ಲಿ ಓಡಿದವನು



ಪಾಸ್ಕಕಾಲದ ಮೂರನೆಯ ವಾರದ ಗುರುವಾರ, ಬಲಿಪೂಜೆಯ ಮೊದಲ ವಾಚನದಲ್ಲಿ ಒಂದು ರಥ ಬರುತ್ತದೆ. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯ. ಇಥಿಯೋಪಿಯದ ರಾಣಿಯ ಖಜಾನೆಯನ್ನೆಲ್ಲ ನೋಡಿಕೊಳ್ಳುವ ಅಧಿಕಾರಿಯೊಬ್ಬ ಜೆರುಸಲೇಮಿಗೆ ಹೋಗಿ ದೇವರನ್ನು ಆರಾಧಿಸಿ, ಗಾಜಾ ಕಡೆಗೆ ಇಳಿಯುವ ನಿರ್ಜನ ದಾರಿಯಲ್ಲಿ ಊರಿಗೆ ಮರಳುತ್ತಿದ್ದಾನೆ. ರಥದಲ್ಲಿ ಕುಳಿತು ಯೆಶಾಯ ಪ್ರವಾದಿಯ ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದಾನೆ. ಸ್ವಂತ ರಥ, ಅದರಲ್ಲಿ ಕೈಯಲ್ಲೊಂದು ಗ್ರಂಥದ ಸುರುಳಿ. ಆ ಕಾಲಕ್ಕೆ ಎರಡೂ ಬಡವರಿಗೆ ಎಟುಕುವ ವಸ್ತುಗಳಲ್ಲ. ವರ್ಷವರ್ಷವೂ ಈ ವಾಚನ ಕೇಳುತ್ತೇವೆ, ಫಿಲಿಪ್ಪನ ಬಗ್ಗೆ ಪ್ರಬೋಧನೆ ಮಾಡುತ್ತೇವೆ, ರಥವನ್ನು ಮರೆಯುತ್ತೇವೆ. ಈ ವರ್ಷ ಮರೆಯಲಾಗಲಿಲ್ಲ. ನಮ್ಮ ಧರ್ಮಕೇಂದ್ರದ ಅಂಗಳಕ್ಕೇ ಒಂದು ರಥ ಬಂದಿತ್ತು.

ಅದರ ಕಥೆ ನಿಮಗೆಲ್ಲ ಗೊತ್ತು. ಆದರೂ ಆ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. ಹೊಸೂರು ಸೀಮೆಯಲ್ಲಿ ಗುಲಾಬಿ ಬೆಳೆದು ಮೇಲೆ ಬಂದ ಮನೆ ಅದು. ಅಪ್ಪ ಹೂವಿನ ಮೂಟೆ ತಲೆಯ ಮೇಲೆ ಹೊತ್ತವರು, ಮಗ ಹಸಿರುಮನೆ ಕಟ್ಟಿಸಿದವರು. ಬೆಂಗಳೂರಿನ ಷೋರೂಮಿನಲ್ಲಿ ಮುಂಗಡ ಕಟ್ಟಿ ಒಂದು ವಿದ್ಯುತ್ ಕಾರನ್ನು ಬುಕ್ ಮಾಡಿದರು. ಬೆಲೆ ಬರೆಯುವುದಿಲ್ಲ, ಹೇಗೂ ಊರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡಿದೆ. ಬಣ್ಣ ಆರಿಸಿದ್ದು, ಒಳಗಿನ ಸೀಟಿನ ಚರ್ಮ ಆರಿಸಿದ್ದು, ಆಮೇಲೆ ತಿಂಗಳುಗಟ್ಟಲೆ ಕಾದದ್ದು, 'ಹಡಗಿನಲ್ಲಿದೆ ಸ್ವಾಮಿ', 'ಬಂದರಿಗೆ ಬಂದಿದೆ ಸ್ವಾಮಿ' ಎಂದು ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ನಮಗೆ ವರದಿ ಒಪ್ಪಿಸಿದ್ದು, ಎಲ್ಲ ನಡೆಯಿತು. ಮನೆಯ ಕರೆಂಟಿನ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ ಗೋಡೆಗೆ ಚಾರ್ಜರ್ ಪೆಟ್ಟಿಗೆ ಕೂರಿಸಿದರು. ಕೊನೆಗೊಂದು ದಿನ ಷೋರೂಮಿನವರು ಕಾರಿಗೆ ಹೊದಿಸಿದ್ದ ಬಟ್ಟೆ ಸರಿಸಿ, ಕೇಕ್ ಕತ್ತರಿಸಿಸಿ, ಫೋಟೋ ಹೊಡೆದು ಕಳಿಸಿಕೊಟ್ಟರು. ಗಾಡಿ ನೇರವಾಗಿ ದೇವಾಲಯಕ್ಕೆ ಬಂತು. ಚಕ್ರದ ಕೆಳಗೆ ಇಡಲು ನಿಂಬೆಹಣ್ಣನ್ನೂ ಯಾರೋ ತಂದಿದ್ದರು. ಅದನ್ನು ಪಾನಕಕ್ಕೆ ಕಳಿಸಿ, ಪ್ರಾರ್ಥನೆ ಹೇಳಿ, ತೀರ್ಥ ಚಿಮುಕಿಸಿದೆವು.

ಮುನಿಸು ಶುರುವಾದದ್ದು ಅಲ್ಲಿಂದ. ನಮ್ಮಲ್ಲಿ ತಮಿಳು ಪೂಜೆಯವರು ಬೇರೆ, ಕನ್ನಡ ಪೂಜೆಯವರು ಬೇರೆ, ತೆಲುಗು ಮಾತಾಡುವ ಮನೆಗಳೂ ಇವೆ. ಎಲ್ಲರೂ ಒಮ್ಮತಕ್ಕೆ ಬರುವುದು ಅಪರೂಪ. ಅಂದು ಮೂರು ಭಾಷೆಯಲ್ಲೂ ಒಂದೇ ಗೊಣಗಾಟ ಕೇಳಿಸಿತು: ಆ ದುಡ್ಡಿನಲ್ಲಿ ಉಪದೇವಾಲಯದ ಸೂರು ಹಾಕಿಸಬಹುದಿತ್ತು, ಜಗದ್ಗುರು ಫ್ರಾನ್ಸಿಸ್ ಇದ್ದಿದ್ದರೆ ಮೆಚ್ಚುತ್ತಿರಲಿಲ್ಲ. ಮನೆಯವರ ಕಡೆಯವರ ಉತ್ತರವೂ ಸಿದ್ಧವಿತ್ತು: ಹೊಗೆ ಇಲ್ಲ, ಸದ್ದಿಲ್ಲ, ಭೂಮಿ ಉಳಿಸಿ ಎಂದವರು ಅದೇ ಜಗದ್ಗುರುಗಳು, ಅವರಿಗೂ ವಿದ್ಯುತ್ ಕಾರೇ ಬಂದದ್ದು. ಎರಡು ಪಕ್ಷಕ್ಕೂ ಸಾಕ್ಷಿ ಒಬ್ಬರೇ. ಹಾಗಾದರೆ ಆ ಸಾಕ್ಷಿಯನ್ನೇ ವಿಚಾರಿಸೋಣ.

2013ರ ಜುಲೈಯಲ್ಲಿ ಗುರುಮಠದ ವಿದ್ಯಾರ್ಥಿಗಳ ಮತ್ತು ನವಶಿಷ್ಯೆಯರ ಮುಂದೆ ಮಾತಾಡುತ್ತಾ ಅವರು ಹೇಳಿದ್ದುಂಟು: ಗುರುವೋ ಕನ್ಯಾಸ್ತ್ರೀಯೋ ಹೊಚ್ಚ ಹೊಸ ಮಾದರಿಯ ಕಾರಿನಲ್ಲಿ ಕಾಣಿಸಿಕೊಂಡರೆ ತಮಗೆ ನೋವಾಗುತ್ತದೆ, ಕಾರು ಬೇಕೇ ಬೇಕಾದರೆ ಸರಳವಾದದ್ದನ್ನು ಆರಿಸಿಕೊಳ್ಳಿ, ಹಸಿವಿನಿಂದ ಸಾಯುವ ಮಕ್ಕಳನ್ನು ನೆನೆಯಿರಿ ಎಂದು. ಅದೇ ವರ್ಷ ಇಟಲಿಯ ಒಬ್ಬ ವಯಸ್ಸಾದ ಗುರುಗಳು ಕೊಟ್ಟ, 3 ಲಕ್ಷ ಕಿಲೋಮೀಟರ್ ಓಡಿದ್ದ ಹಳೆಯ ರೆನೋ ಕಾರನ್ನು ಸಂತೋಷದಿಂದ ಸ್ವೀಕರಿಸಿದರು. 2017ರಲ್ಲಿ ಲ್ಯಾಂಬೋರ್ಗಿನಿ ಕಂಪನಿ ಉಡುಗೊರೆಯಾಗಿ ಕಾರು ಕೊಟ್ಟಾಗ ಅದರ ಮೇಲೆ ಸಹಿ ಹಾಕಿ ಹರಾಜಿಗೆ ಕಳಿಸಿದರು. ಬಂದ ಹಣ ಇರಾಕಿನ ನಿನೆವೆ ಬಯಲಿನ ಕ್ರೈಸ್ತರ ಮನೆ, ದೇವಾಲಯಗಳ ಪುನರ್ನಿರ್ಮಾಣಕ್ಕೂ ಇತರ ದಾನಕಾರ್ಯಗಳಿಗೂ ಹೋಯಿತು. ಗೊಣಗುವವರಿಗೆ ಇಷ್ಟು ಸಾಕು ಅನ್ನಿಸಬಹುದು.

ಆದರೆ 2024ರ ಡಿಸೆಂಬರ್ 4ರಂದು ಮರ್ಸಿಡಿಸ್ ಕಂಪನಿಯ ಮುಖ್ಯಸ್ಥರು ವ್ಯಾಟಿಕನ್ನಿಗೆ ಬಂದು ಜಗದ್ಗುರುಗಳಿಗೆ ಒಪ್ಪಿಸಿದ್ದು ಪೂರ್ತಿ ವಿದ್ಯುತ್ತಿನಿಂದಲೇ ಓಡುವ ಆ ಕಂಪನಿಯ ಮೊದಲ ಪೋಪ್‌ಮೊಬೈಲ್. 1930ರಲ್ಲಿ ಹನ್ನೊಂದನೆಯ ಪಿಯುಸ್ ಅವರಿಗೆ ಕಾರು ಕೊಟ್ಟಾಗಿನಿಂದ ಆ ಕಂಪನಿಗೂ ಜಗದ್ಗುರುಗಳಿಗೂ ನಂಟು. ಈ ಬಾರಿ ಆಧಾರವಾಗಿಟ್ಟುಕೊಂಡದ್ದು ಜಿ-ಕ್ಲಾಸ್ ಎಂಬ ದೊಡ್ಡ ಗಾಡಿ; ಅದರ ಸಾಮಾನ್ಯ ವಿದ್ಯುತ್ ಮಾದರಿ 2025ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಷೋರೂಮಿನ ಬೆಲೆಯೇ 3 ಕೋಟಿ ರೂಪಾಯಿ. ಹಾಗಾದರೆ ಸಿರಿವಂತರ ಗಾಡಿಯೇ, ಸಂಶಯವಿಲ್ಲ. ಆದರೆ ಅದಕ್ಕೆ ಏನು ಮಾಡಿದರು ನೋಡಿ. ಹಿಂಭಾಗದ ಚಾವಣಿ ಕತ್ತರಿಸಿ ತೆಗೆದರು. ಹಿಂದಿನ ಸೀಟುಗಳ ಜಾಗದಲ್ಲಿ ಎತ್ತರಿಸಿ ತಗ್ಗಿಸಬಹುದಾದ, ಎಲ್ಲ ಕಡೆಗೂ ತಿರುಗುವ ಒಂದು ಕುರ್ಚಿ ಕೂರಿಸಿದರು. ಚಕ್ರಗಳಿಗೆ ಜೋಡಿಸಿದ ಮೋಟಾರುಗಳನ್ನು ಬಹಳ ನಿಧಾನಕ್ಕೆ ಓಡುವಂತೆ ಹೊಂದಿಸಿದರು. ಓಡುವ ಗಾಡಿಯನ್ನು ನಡೆಯುವ ಗಾಡಿ ಮಾಡಲು ಸುಮಾರು ಒಂದು ವರ್ಷದ ಕೆಲಸ! ಮುಚ್ಚಿದ ಗುಂಡುನಿರೋಧಕ ಗಾಡಿಯನ್ನು ಫ್ರಾನ್ಸಿಸ್ ಸಂದರ್ಶನವೊಂದರಲ್ಲಿ ಸಾರ್ಡೀನ್ ಮೀನಿನ ಡಬ್ಬಕ್ಕೆ ಹೋಲಿಸಿದ್ದರು. ಅವರಿಗೆ ಗಾಜು ಬೇಡವಾಗಿತ್ತು, ಜನ ಬೇಕಾಗಿತ್ತು.

ಹೀಗೆ ಸಾಕ್ಷಿಯ ಮಾತು ಯಾವ ಪಕ್ಷಕ್ಕೂ ಪೂರ್ತಿಯಾಗಿ ಒದಗುವುದಿಲ್ಲ.

ಇನ್ನು 'ಹೊಗೆ ಇಲ್ಲ' ಎಂಬ ಮಾತು. ಹೊಗೆ ನಮ್ಮ ಬೀದಿಯಲ್ಲಿ ಇಲ್ಲ, ನಿಜ. ನಮ್ಮ ಮಕ್ಕಳ ಎದೆಗೆ ಅದು ಒಳ್ಳೆಯದೇ. ಆದರೆ ನಮ್ಮ ದೇಶದ ಕರೆಂಟಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತದೆ. ಆ ಹೊಗೆ ಬೇರೆ ಯಾರದೋ ಊರಿನ ಮೇಲೆ ಏಳುತ್ತದೆ. ಅನೇಕ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಲೋಹದ ಬಹುಪಾಲು ಸಿಗುವುದು ಆಫ್ರಿಕದ ಕಾಂಗೋ ದೇಶದಲ್ಲಿ. ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳೂ ಮಣ್ಣು ಅಗೆಯುತ್ತಾರೆ. 2023ರ ಜನವರಿ 31ರಂದು ಕಿನ್ಶಾಸದಲ್ಲಿ ನಿಂತು ಫ್ರಾನ್ಸಿಸ್, ಕಾಂಗೋದ ಮೇಲಿನ ಕೈ ತೆಗೆಯಿರಿ, ಆಫ್ರಿಕವನ್ನು ದೋಚುವ ಗಣಿ ಎಂದು ತಿಳಿಯಬೇಡಿ ಎಂದು ಲೋಕಕ್ಕೆಲ್ಲ ಕೇಳಿಸುವಂತೆ ಹೇಳಿದರು. ತೆರಿಗೆಯ ಲೆಕ್ಕವೂ ವಿಚಿತ್ರ. ವಿದ್ಯುತ್ ಗಾಡಿಯಾದರೆ ಎಷ್ಟೇ ಬೆಲೆಯದಾದರೂ ಜಿಎಸ್‌ಟಿ ನೂರಕ್ಕೆ 5. ಕೂಲಿಯವನು ಕಂತಿನಲ್ಲಿ ಕೊಳ್ಳುವ ಸಣ್ಣ ಪೆಟ್ರೋಲ್ ಬೈಕಿಗೆ, 2025ರ ಸೆಪ್ಟೆಂಬರಿನಲ್ಲಿ ಇಳಿಸಿದ ಮೇಲೂ, ನೂರಕ್ಕೆ 18. ಇದನ್ನು ಕಾರು ಕೊಂಡವರ ಪಾಪದ ಲೆಕ್ಕಕ್ಕೆ ಹಾಕುತ್ತಿಲ್ಲ. ನಮ್ಮ ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಹೊಸೂರು, ಕೃಷ್ಣಗಿರಿ ಕಡೆಯ ಕಾರ್ಖಾನೆಗಳಲ್ಲಿ ವಿದ್ಯುತ್ ಸ್ಕೂಟರ್ ಜೋಡಿಸಿಯೇ ಮನೆ ನಡೆಸುತ್ತಿದ್ದಾರೆ. ಈ ಹೊಸ ಕಾಲದ ಅನ್ನ ನಾವೂ ಉಣ್ಣುತ್ತಿದ್ದೇವೆ. ಗಾಡಿ ಶುದ್ಧವಾದ ಮಾತ್ರಕ್ಕೆ ಕೂತವರ ಕೈ ತಾನಾಗಿ ಶುದ್ಧವಾಗದು ಎಂದಷ್ಟೇ ಹೇಳುತ್ತೇವೆ.

ಈಗ ನಮ್ಮ ಸ್ವಂತ ವಿಷಯ. ಇದನ್ನು ಬರೆಯಲು ಮನಸ್ಸಿರಲಿಲ್ಲ.

ಆಶೀರ್ವಾದ ಮಾಡಿದ ಮುಂದಿನ ತಿಂಗಳು ಕನ್ನಡ ಪೂಜೆಯ ಭಾನುವಾರ ನಮ್ಮ ಹಳೆಯ ಜೀಪು ಹಟ ಹಿಡಿಯಿತು. ನಾವು ಹಿಂದಿನ ರಾತ್ರಿ ತಳಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ರೋಗಿಯನ್ನು ನೋಡಿ ಅಲ್ಲೇ ಉಳಿದಿದ್ದೆವು. ವಿಷಯ ತಿಳಿದು ಕಾರಿನ ಯಜಮಾನರೇ ಬಂದು ಕರೆದುಕೊಂಡು ಹೊರಟರು. ಒಳಗೆ ತಂಪು. ದೇವಾಲಯದೊಳಗೂ ಅಷ್ಟು ಮೌನ ಇರುವುದಿಲ್ಲ. ಎದುರಿಗೆ ಸ್ಲೇಟಿಗಿಂತ ಅಗಲವಾದ ಪರದೆ. ಅವರು ಅದರಲ್ಲಿ ಒಂದೊಂದೇ ತೋರಿಸುತ್ತಾ ಬಂದರು, ನಾವು ಮಗುವಿನ ಹಾಗೆ ನೋಡುತ್ತಾ ಬಂದೆವು. ಸೀಟು ಬೆನ್ನನ್ನು ಒತ್ತುತ್ತದೆ ಎಂದಾಗ ಒತ್ತಿಸಿಕೊಂಡೆವು, ಸುಖವಾಗಿತ್ತು ಎಂದು ಒಪ್ಪಿಕೊಳ್ಳುತ್ತೇವೆ.

ಅಂದು ಪರಮಪ್ರಸಾದ ಹಂಚಿ ಮುಗಿಯುವ ಹೊತ್ತಿಗೆ ಒಬ್ಬ ಅಜ್ಜಿ ಏದುಸಿರು ಬಿಡುತ್ತಾ ಒಳಗೆ ಬಂದರು. ಪೂಜೆಯ ನಂತರ, 'ಏನಮ್ಮ, ಇಷ್ಟು ತಡ?' ಎಂದು ಕೇಳಿದೆವು. ಕೇಳಿದ್ದರಲ್ಲಿ ಸ್ವಲ್ಪ ಗದರಿಕೆಯೂ ಇತ್ತು.

'ಬೆಳಗಿನ ಬಸ್ಸು ನಿಂತುಹೋಗಿದೆಯಲ್ಲ ಸ್ವಾಮಿ. ಆಮೇಲಿನದಕ್ಕೆ ಕಾದೆ. ನೀವು ಅದೇ ದಾರೀಲಿ ಹೋದ್ರಿ. ಕೈ ಎತ್ತಬೇಕು ಅಂದ್ಕೊಂಡೆ. ಆ ಗಾಡಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.'

ಅವರ ಮಾತಿನಲ್ಲಿ ದೂರು ಇರಲಿಲ್ಲ, ಗಾಡಿಯ ಬಗ್ಗೆ ಮೆಚ್ಚುಗೆ ಇತ್ತು. ಅದೇ ನಮ್ಮನ್ನು ಇರಿದದ್ದು. ಹಿಂದಿನ ಮೂರು ಸೀಟು ಖಾಲಿ ಇದ್ದವು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಜಪಸರ ಹಿಡಿದು ಕೂತವರನ್ನು ಯಜಮಾನರೂ ನೋಡಲಿಲ್ಲ, ಕುರಿ ಕಾಯುವ ಕೆಲಸಕ್ಕೆಂದೇ ಅಭಿಷೇಕ ಪಡೆದ ನಾವೂ ನೋಡಲಿಲ್ಲ. ನಮ್ಮ ಕಣ್ಣು ಪರದೆಯ ಮೇಲಿತ್ತು.

ಆ ಅಜ್ಜಿಗೆ ತಮಿಳು ಬಾರದೆಂದಲ್ಲ. ಸಂತೆಗೆ ಸಾಕಾಗುವಷ್ಟು ಬರುತ್ತದೆ. ಆದರೆ ದೇವರ ವಾಕ್ಯ ಎದೆಗಿಳಿಯುವುದು ಕನ್ನಡದಲ್ಲಿ. ತಮಿಳು ಪೂಜೆಯಲ್ಲಿ ಎಲ್ಲರ ಜೊತೆ ಎದ್ದು ಕೂತು ಮಾಡುತ್ತಾರೆ, ಪ್ರಬೋಧನೆ ಬಂದಾಗ ಮಣಿ ಎಣಿಸುತ್ತಾರೆ. ತಿಂಗಳಿಗೊಂದು ಕನ್ನಡ ಪೂಜೆ, ಅದಕ್ಕೂ ಬಸ್ಸಿಲ್ಲ. ಹಾಜರಿ ಕಡಿಮೆ ಎಂದು ಆ ಒಂದು ಪೂಜೆಯನ್ನೂ ನಿಲ್ಲಿಸುವ ಮಾತು ಪಾಲನಾ ಸಮಿತಿಯಲ್ಲಿ ಎರಡು ಬಾರಿ ಬಂದಿದೆ. ಯಾಕೆ ಕಡಿಮೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ರಥದ ವಾಚನಕ್ಕೆ ಈಗ ಮರಳಿ ಬನ್ನಿ. ಪವಿತ್ರಾತ್ಮರು ಫಿಲಿಪ್ಪನಿಗೆ ಕೊಟ್ಟ ಅಪ್ಪಣೆ ಬಹಳ ಚಿಕ್ಕದು: ಆ ರಥದ ಹತ್ತಿರ ಹೋಗಿ ಅದರ ಜೊತೆಗಿರು. ಫಿಲಿಪ್ಪ ಓಡಿದ. ಚಲಿಸುವ ರಥದ ಪಕ್ಕದಲ್ಲಿ ಓಡುತ್ತಾ, ಧೂಳು ನುಂಗುತ್ತಾ ಕೇಳಿದ, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು. ಆ ಅಧಿಕಾರಿಯ ದೊಡ್ಡತನ ಇಲ್ಲಿದೆ. ರಾಣಿಯ ಖಜಾನೆಯವನು, ದಾರಿಹೋಕನ ಪ್ರಶ್ನೆಗೆ ಸಿಟ್ಟಾಗಲಿಲ್ಲ. ಯಾರಾದರೂ ಹೇಳಿಕೊಡದಿದ್ದರೆ ಹೇಗೆ ಅರ್ಥವಾದೀತು ಎಂದ. ಬಾ, ಹತ್ತಿ ಕೂರು ಎಂದ. ಮುಂದೆ ನೀರು ಕಂಡಾಗ ರಥ ನಿಲ್ಲಿಸಲು ತಾನೇ ಆಜ್ಞೆ ಮಾಡಿದ. ಇಬ್ಬರೂ ಇಳಿದರು, ಸ್ನಾನದೀಕ್ಷೆಯಾಯಿತು. ರಥ ಮಾರಿ ಬಾ ಎಂದು ಫಿಲಿಪ್ಪ ಹೇಳಿದ್ದಾಗಿ ಸಂತ ಲೂಕರು ಬರೆದಿಲ್ಲ. ಬೇರೆ ಕಡೆ ಯೇಸುಸ್ವಾಮಿ ಒಬ್ಬ ಸಿರಿವಂತನಿಗೆ ಎಲ್ಲ ಮಾರು ಎಂದದ್ದೂ ಉಂಟು. ಅದನ್ನು ಮರೆಸಿ ಈ ವಾಚನದಲ್ಲಿ ನೆಮ್ಮದಿ ಹುಡುಕಬೇಡಿ. ಇಲ್ಲಿ ರಥ ಉಳಿಯಿತು, ಆದರೆ ನಿಂತಿತು. ಅದರಲ್ಲೊಬ್ಬ ಕಾಲ್ನಡಿಗೆಯವನು ಕೂತ.

ಅದೇ ಗಾಜಾದ ದಾರಿಯ ಮತ್ತೊಂದು ಗಾಡಿಯ ಸುದ್ದಿಯನ್ನೂ ಹೇಳಬೇಕು. 2014ರಲ್ಲಿ ಬೆತ್ಲೆಹೇಮಿಗೆ ಹೋದಾಗ ಫ್ರಾನ್ಸಿಸ್ ಕುಳಿತಿದ್ದ ಗಾಡಿ ಅಲ್ಲೇ ಉಳಿದಿತ್ತು. ತಮ್ಮ ಕೊನೆಯ ತಿಂಗಳುಗಳಲ್ಲಿ ಅವರು ಅದನ್ನು ಗಾಜಾದ ಮಕ್ಕಳಿಗಾಗಿ ಸಂಚಾರಿ ಚಿಕಿತ್ಸಾಲಯ ಮಾಡಿ ಎಂದು ಜೆರುಸಲೇಮಿನ ಕಾರಿತಾಸ್ ಸಂಸ್ಥೆಗೆ ಒಪ್ಪಿಸಿದರು. ಬಿಳಿ ಉಡುಪಿನ ಒಬ್ಬರು ಕೂರುತ್ತಿದ್ದ ಜಾಗದಲ್ಲಿ ಲಸಿಕೆ, ಹೊಲಿಗೆ ಸೂಜಿ, ಪರೀಕ್ಷೆಯ ಉಪಕರಣ. ಸುದ್ದಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ, ಅವರು ತೀರಿಕೊಂಡ ಮೇಲೆ. ಏಪ್ರಿಲ್ 20ರ ಪಾಸ್ಕ ಭಾನುವಾರ, ಮಾತಾಡಲೂ ಕಷ್ಟವಾಗುತ್ತಿದ್ದಾಗ, ಸಂತ ಪೇತ್ರರ ಚೌಕದಲ್ಲಿ ತೆರೆದ ಗಾಡಿಯಲ್ಲಿ ಜನರ ನಡುವೆ ಸುತ್ತಿದರು, ಅಲ್ಲಲ್ಲಿ ನಿಲ್ಲಿಸಿ ಕೂಸುಗಳನ್ನು ಹರಸಿದರು. ಮರುದಿನ ಬೆಳಿಗ್ಗೆ ಹೊರಟುಹೋದರು.

ಅವರ 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಕಾರಿನ ಮಾತೂ ಇದೆ. ಒಬ್ಬರೋ ಇಬ್ಬರೋ ಕೂತ ಕಾರುಗಳು ಊರು ತುಂಬುವುದನ್ನು ಹೇಳಿ, ಎಲ್ಲರ ಸಾರಿಗೆಗೆ ಮೊದಲ ಮನ್ನಣೆ ಬೇಕೆನ್ನುತ್ತಾರೆ. ಅಂದರೆ ನಮ್ಮ ಊರಿಗೆ ಮೊದಲು ಬೇಕಾದದ್ದು ನಿಂತುಹೋದ ಬೆಳಗಿನ ಬಸ್ಸು. ಅದಕ್ಕಾಗಿ ಮೂರು ಭಾಷೆಯವರೂ ಸೇರಿ ಸಹಿ ಮಾಡಿದ ಅರ್ಜಿ ತಯಾರಾಗಿದೆ. ದೇವಾಲಯದ ಬಾಗಿಲ ಬಳಿ ಇಟ್ಟಿದ್ದೇವೆ, ಇನ್ನೂ ಸಹಿ ಹಾಕದವರು ಹಾಕಿ. ಗೊಣಗಿದವರು ಮೊದಲು ಹಾಕಿ.

ಬಸ್ಸು ಬರುವ ತನಕ, ಕನ್ನಡ ಪೂಜೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ತಳಿ ದಾರಿಯಲ್ಲಿ ಆ ಕಾರು ಬರುತ್ತದೆ. ಯಜಮಾನರೇ ಕೇಳಿಕೊಂಡು ಒಪ್ಪಿದ ಕೆಲಸ ಇದು. ಡೆಂಕಣಿಕೋಟೆ ಕಡೆಗೆ ಇನ್ನೊಬ್ಬರ ಹಳೆಯ ಡೀಸೆಲ್ ವ್ಯಾನು ಹೋಗುತ್ತದೆ; ಹೊಗೆ ಬರುತ್ತದೆ, ಕ್ಷಮಿಸಿ. ಸೀಟು ಬೇಕಾದವರು ಶುಕ್ರವಾರದೊಳಗೆ ಉಪದೇಶಿಯವರಿಗೆ ತಿಳಿಸಿ. ಕಾರಿನ ಮುಂದಿನ ಸೀಟು ಮಾತ್ರ ಖಾಲಿಯಿಲ್ಲ. ಅಜ್ಜಿ ಅದನ್ನು ಬುಕ್ ಮಾಡಿದ್ದಾರೆ. ಬಸ್ ನಿಲ್ದಾಣಗಳಲ್ಲಿ ಯಾರು ಕೂತಿದ್ದಾರೆಂದು ತಾವೇ ನೋಡಿ ಹೇಳುತ್ತಾರಂತೆ.