ಮಣಿಯ ಪ್ರಭೆ, ಪ್ಲಾಸ್ಟಿಕ್ಕಿನ ಪ್ರಭೆ

ಎಲ್‌ಇಡಿ ದೀಪದ ಮುಂದೆ ಕೂರಿಸುವ ಹಾಲುಬಣ್ಣದ ಅಕ್ರಿಲಿಕ್ ಹಾಳೆಯೊಳಗೆ ಬೆಳಕಿಗೆ ನೇರ ದಾರಿಯಿಲ್ಲ. ಅಕ್ರಿಲಿಕ್ಕಿನ ವಕ್ರೀಭವನಾಂಕ ಸುಮಾರು 1.49, ಅದರಲ್ಲಿ ಬೆರೆಸುವ ಟೈಟಾನಿಯಂ ಡೈಆಕ್ಸೈಡ್ ಕಣಗಳದ್ದು 2.5ಕ್ಕೂ ಹೆಚ್ಚು. ಕಣ ಎದುರಾದಲ್ಲೆಲ್ಲ ಕಿರಣ ತಿರುಗುತ್ತದೆ. ತಿರುತಿರುಗಿ ಅದು ಹೊಕ್ಕ ಜಾಗದಿಂದ ತುಸು ಆಚೆ ಹೊರಬೀಳಬಹುದು, ಬಂದ ಕಡೆಗೇ ಮರಳಲೂಬಹುದು.

ಲೈಟ್‌ಟೂಲ್ಸ್, ಜೀಮ್ಯಾಕ್ಸ್‌ನಂಥ ತಂತ್ರಾಂಶಗಳಲ್ಲಿ ದೀಪದ ವಿನ್ಯಾಸ ಮಾಡುವವರು ಎಷ್ಟೋ ಸಲ ಈ ಅಲೆದಾಟವನ್ನೆಲ್ಲ ಬದಿಗಿಟ್ಟು ಮೇಲ್ಮೈಗೊಂದು ನಿಯಮ ಕೊಡುತ್ತಾರೆ: ಕಿರಣ ಬಿದ್ದ ಬಿಂದುವಿನಿಂದಲೇ ಹೊರಡಲಿ, ಯಾವ ಕೋನಕ್ಕೆ ಎಷ್ಟು ಸಂಭವ ಎಂಬುದನ್ನು ಸೂತ್ರ ಹೇಳಲಿ. ಲ್ಯಾಂಬರ್ಟ್ 1760ರಲ್ಲಿ ಪ್ರಕಟಿಸಿದ ಕೊಸೈನ್ ನಿಯಮ ಇವುಗಳಲ್ಲಿ ಅತಿ ಸರಳ. ಲಕ್ಷಾಂತರ ಕಿರಣಗಳನ್ನು ಹೀಗೆ ಹಾಯಿಸಿದಾಗ ಸಿಗುವ ಉತ್ತರ, ತಯಾರಾದ ದೀಪದ ಅಳತೆಗೆ ಚೆನ್ನಾಗಿಯೇ ಹೊಂದುವುದುಂಟು. ಒಳಗೆ ನಡೆಯದ ಸಂಗತಿಯನ್ನು ನಡೆಯಿತೆಂದು ಹೇಳಿ ಸರಿಯುತ್ತರ ಕೊಡುವ ಈ ಲೆಕ್ಕವನ್ನು ಜ್ಞಾನವೆನ್ನಬೇಕೇ, ಭ್ರಮೆಯೆನ್ನಬೇಕೇ?

ಪ್ರಶ್ನೆ ಹಳೆಯದು. ತಿಳಿದಂತೆ ನಡೆದು ಫಲ ಸಿಕ್ಕರೆ ಆ ತಿಳಿವು ಪ್ರಮಾಣ, ಅಂದರೆ ನಿಜವಾದ ಜ್ಞಾನ, ಎಂದು ನ್ಯಾಯದರ್ಶನದವರಾದ ನೈಯಾಯಿಕರು ವಾದಿಸಿದರು. ಆ ವಾದದ ಸಂದಿಯೆಲ್ಲಿದೆ ಎಂಬುದನ್ನು ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಒಂದು ದೃಷ್ಟಾಂತ ತೋರಿಸುತ್ತದೆ. ಒಬ್ಬ ರತ್ನದ ಪ್ರಭೆಯನ್ನೇ ರತ್ನವೆಂದು ತಿಳಿದು ಓಡುತ್ತಾನೆ, ಇನ್ನೊಬ್ಬ ದೀಪದ ಪ್ರಭೆಯನ್ನು. ಇಬ್ಬರದೂ ತಪ್ಪು ತಿಳಿವಳಿಕೆಯೇ; ರತ್ನ ಸಿಕ್ಕುವುದು ಮಾತ್ರ ಮೊದಲಿನವನಿಗೆ. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ 'ಪಂಚದಶಿ'ಯ ಧ್ಯಾನದೀಪ ಪ್ರಕರಣ ಇದೇ ದೃಷ್ಟಾಂತವನ್ನು ಎತ್ತಿಕೊಂಡು, ಮೊದಲಿನವನದನ್ನು ಸಂವಾದಿ ಭ್ರಮೆ, ಅಂದರೆ ಫಲ ಕೊಡುವ ಭ್ರಮೆ, ಎನ್ನುತ್ತದೆ. ಉಪಾಸನೆಯೂ ಅಂಥದ್ದು, ಪಕ್ವವಾದಾಗ ಅದು ವಿದ್ಯೆಯ ಸ್ಥಾನಕ್ಕೇರುತ್ತದೆ ಎಂಬುದು ಅಲ್ಲಿನ ನಿಲುವು.

ಲ್ಯಾಂಬರ್ಟನ ಹಾಳೆಗೆ ಈ ಹೆಸರು ಸಲ್ಲುತ್ತದೆ, ಆದರೆ ಬಡ್ತಿ ಸಲ್ಲದು. ಎಷ್ಟು ಸಲ ಗೆದ್ದರೂ ಅದು ತಿಳಿವಾಗಿ ಮಾಗುವುದಿಲ್ಲ. ಎಲ್‌ಇಡಿಗಳನ್ನು ಹಾಳೆಯ ಸಮೀಪಕ್ಕೆ ತಂದು ನೋಡಿ. ಬೆಳಕು ಪ್ಲಾಸ್ಟಿಕ್ಕಿನೊಳಗೆ ಅಡ್ಡಕ್ಕೆ ಹರಡಿಕೊಳ್ಳುವುದು ಈ ನಿಯಮದ ಲೆಕ್ಕದಲ್ಲೇ ಇಲ್ಲ. ಹಾಗಾಗಿ ತಂತ್ರಾಂಶದ ಪರದೆಯ ಮೇಲೆ ಪ್ರತಿ ಎಲ್‌ಇಡಿಯ ಚುಕ್ಕೆ ನಿಜಕ್ಕಿಂತ ಚೂಪಾಗಿ ಮೂಡುತ್ತದೆ. 2 ಮಿಲಿಮೀಟರ್ ಹಾಳೆಯ ಬದಲು 3 ಮಿಲಿಮೀಟರಿನದು ಹಾಕಿದರೆ ಏನಾಗುತ್ತದೆ ಎಂದರೂ ಅದರಲ್ಲಿ ಉತ್ತರವಿಲ್ಲ. ದಪ್ಪ ಎಂಬುದೇ ಅದಕ್ಕೆ ಗೊತ್ತಿಲ್ಲ.

ಆಗ ಒಳಗಿನ ಅಲೆದಾಟವನ್ನೇ ಲೆಕ್ಕ ಹಾಕುವ ಮಾದರಿ ಬೇಕು. ಅಲ್ಲಿ ಹೆಚ್ಚಾಗಿ ಬಳಸುವ ಸೂತ್ರವನ್ನು 1941ರಲ್ಲಿ ಹೆನ್ಯಿ ಮತ್ತು ಗ್ರೀನ್‌ಸ್ಟೈನ್ ಕೊಟ್ಟದ್ದು ನಕ್ಷತ್ರಗಳ ನಡುವಿನ ಧೂಳಿಗಾಗಿ. ಕಿರಣ ಎಷ್ಟರ ಮಟ್ಟಿಗೆ ಮುಂದಕ್ಕೇ ಚದುರುತ್ತದೆ ಎಂಬುದನ್ನು ಅದು 'ಜಿ' ಎಂಬ ಒಂದೇ ಅಂಕಿಯಲ್ಲಿ ಹಿಡಿಯುತ್ತದೆ. ಆಕಾಶದ ಧೂಳಿನ ಸೂತ್ರ ಅಕ್ರಿಲಿಕ್ಕಿಗೆ ಒಗ್ಗಿದ್ದು ನಿಜಕ್ಕೂ ಬೆರಗಿನ ಸಂಗತಿ.

ಇಲ್ಲಾದರೂ ರತ್ನ ಕೈಗೆ ಸಿಕ್ಕಿತೇ? ಈ ಮಾದರಿಯಲ್ಲಿ ಒಬ್ಬ ವಿನ್ಯಾಸಕರು ಕಿರಣ ಸರಾಸರಿ 0.1 ಮಿಲಿಮೀಟರಿಗೊಮ್ಮೆ ಚದುರುತ್ತದೆ, ಜಿ 0.9 ಎಂದು ತುಂಬುತ್ತಾರೆ. ಇನ್ನೊಬ್ಬರು 0.5 ಮಿಲಿಮೀಟರ್, ಜಿ 0.5 ಎನ್ನುತ್ತಾರೆ. ಪ್ಲಾಸ್ಟಿಕ್ಕಿನ ಒಳಗಿನ ಬಗ್ಗೆ ಎರಡೂ ಬೇರೆಬೇರೆ ಕಥೆಗಳು. ದೂರವನ್ನು ಒಂದರಲ್ಲಿ ಜಿ ಕಳೆದು ಉಳಿದದ್ದರಿಂದ ಭಾಗಿಸಿದರೆ ಎರಡಕ್ಕೂ 1 ಮಿಲಿಮೀಟರೇ ಬರುತ್ತದೆ. ದಪ್ಪ ತುಂಡಿನಲ್ಲಿ ಹೊರಬರುವ ಬೆಳಕನ್ನು ನಿರ್ಧರಿಸುವುದು ಮುಖ್ಯವಾಗಿ ಈ ಭಾಗಲಬ್ಧವೇ. ಯಾರ ಕಥೆ ನಿಜವೆಂದು ಆ ತುಂಡು ಹೇಳದು. ಕಿರಣ ಒಂದೆರಡು ಸಲವಷ್ಟೇ ಚದುರುವಷ್ಟು ತೆಳುವಾದ ಚೂರನ್ನು ಕತ್ತರಿಸಿ, ಕೋನಕೋನಕ್ಕೂ ಬೆಳಕನ್ನು ಅಳೆಯಬೇಕು. ಎರಡು ಕಥೆಗಳು ಬೇರಾಗುವುದು ಅಲ್ಲಿ.