ಉಪ್ಪು, ಮೆಣಸು, ನಿಂಬೆರಸ

ಒಂದು ಚಿಕ್ಕ ಬಟ್ಟಲು. ಅದರಲ್ಲಿ ಆಗಷ್ಟೇ ಕುಟ್ಟಿದ ಕಾಳುಮೆಣಸು, ಅದರ ಅರ್ಧದಷ್ಟು ಉಪ್ಪು. ಮೇಲೆ ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಒಗ್ಗರಣೆಯಿಲ್ಲ, ಕುದಿಸುವ ಕೆಲಸವಿಲ್ಲ, ಎಣ್ಣೆಯ ಒಂದು ಹನಿಯೂ ಬೇಡ. ಕಾಂಬೋಡಿಯಾದವರು ಇದನ್ನು ತುಕ್ ಮ್ರೆಚ್ ಅನ್ನುತ್ತಾರೆ. ರಸ ಬಿದ್ದ ಕೂಡಲೇ ಉಪ್ಪು ಕರಗಲು ಶುರುವಾಗುತ್ತದೆ, ಮೆಣಸಿನ ಕರಿ ಸಿಪ್ಪೆಯ ಚೂರುಗಳು ಒಳಗಿನ ಬಿಳಿ ತಿರುಳಿನಿಂದ ಬೇರೆಯಾಗಿ ಕಾಣುತ್ತವೆ, ಘಾಟು ಮೂಗಿಗೆ ಬಡಿಯುತ್ತದೆ. ಬೆರಳ ತುದಿಯಲ್ಲಿ ಅದ್ದಿ ನಾಲಿಗೆಗಿಟ್ಟರೆ ಮೊದಲು ಹುಳಿ, ಹಿಂದೆಯೇ ಉಪ್ಪು. ಖಾರ ಮಾತ್ರ ಸಾವಕಾಶವಾಗಿ ಬಂದು ಗಂಟಲ ಬಳಿ ನಿಲ್ಲುತ್ತದೆ. ಮೂರೇ ಪದಾರ್ಥ ಸೇರಿ ಇಷ್ಟೆಲ್ಲ ಹೇಗೆ ಮಾಡುತ್ತವೆ ಎಂಬ ಬೆರಗು ಪ್ರತಿ ಸಲವೂ ನನಗೆ ಹೊಸದೇ.

ಈ ಬಟ್ಟಲು ಲೊಕ್ ಲಾಕ್ ಎಂಬ ಅಡುಗೆಯ ಜೊತೆಗಾರ. ದನದ ಮಾಂಸವನ್ನು ಬೆರಳಗಲದ ಚೌಕ ತುಂಡುಗಳಾಗಿ ಹೆಚ್ಚಿ, ಬೆಳ್ಳುಳ್ಳಿ, ಸೋಯಾ ಸಾಸ್, ಆಯ್‌ಸ್ಟರ್ ಸಾಸ್, ಚಿಟಿಕೆ ಸಕ್ಕರೆ, ಕಾಳುಮೆಣಸು ಹಚ್ಚಿ ನೆನೆಯಲು ಬಿಡುತ್ತಾರೆ. ಆಮೇಲೆ ಚೆನ್ನಾಗಿ ಕಾದ ಬಾಣಲೆಯಲ್ಲಿ ಸರಸರನೆ ಹುರಿದು, ಲೆಟ್ಯೂಸ್ ಎಲೆ, ಟೊಮೆಟೊ, ಸೌತೆಕಾಯಿ, ಈರುಳ್ಳಿ ಬಿಲ್ಲೆಗಳ ಮೇಲೆ ಸುರಿಯುತ್ತಾರೆ. ಪಕ್ಕದಲ್ಲಿ ಬಿಸಿ ಅನ್ನ, ಅದರ ಮೇಲೆ ಹುರಿದ ಮೊಟ್ಟೆ. ಒಂದೊಂದೇ ತುಂಡನ್ನು ಬಟ್ಟಲಿನಲ್ಲಿ ಅದ್ದಿ ತಿನ್ನಬೇಕು.

ಬಾಣಲೆಯ ಮುಂದೆ ನಿಂತವರಿಗೆ ಕಿವಿ ಬೇಕು. ಮಾಂಸದೊಳಗೆ ನೀರಿದೆ, ಮೇಲ್ಮೈಯ ನೀರು ಆರುವ ತನಕ ಅಲ್ಲಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಹುರಿದ ಮಾಂಸದ ಆ ಕಂದು ಬಣ್ಣ, ಆ ಪರಿಮಳ ಬರುವುದಕ್ಕೆ ಸುಮಾರು 140 ಡಿಗ್ರಿಯಾದರೂ ಬೇಕು. ಒಮ್ಮೆಗೇ ಎಲ್ಲವನ್ನೂ ಸುರಿದರೆ ಬಾಣಲೆ ತಣಿದು, ಚುರ್ರೆನ್ನುವ ಸದ್ದು ಅಡಗಿ ಕೊತಕೊತ ಶುರುವಾಗುತ್ತದೆ. ಮಾಂಸ ತನ್ನ ನೀರಲ್ಲಿ ತಾನೇ ಬೇಯುತ್ತದೆ. ಒಂದು ಹಿಡಿಯಷ್ಟೇ ಹಾಕಿ, ಕೈ ಹಾಕದೆ ಅರೆನಿಮಿಷ ಬಿಟ್ಟರೆ ತುಂಡಿನ ಅಡಿ ಕಂದಾಗಿ, ಅಂಚಿನಲ್ಲಿ ಸಕ್ಕರೆ ಕರಗಿ ಹೊಳೆಯುತ್ತದೆ. ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್. ಬೆಂಕಿ ಕಂಡ ಕಾಲದಿಂದ ಮನುಷ್ಯ ಮೂಗಿನಿಂದ ಬಲ್ಲ ಸಂಗತಿಗೆ ಹೆಸರು ಸಿಕ್ಕಿ ಇನ್ನೂ ನೂರಿಪ್ಪತ್ತು ವರ್ಷವೂ ಆಗಿಲ್ಲ.

ದನದ ಮಾಂಸ ಅಂದರೆ ನಮ್ಮಲ್ಲಿ ಮನಸ್ಸು ಎರಡಾಗುತ್ತದೆ. ಕೆಲವರ ಮನೆಯ ಊಟ ಅದು, ಕೆಲವರು ಮುಟ್ಟದ ಪದಾರ್ಥ. ಕಾಂಬೋಡಿಯಾದ ಕತೆಯೂ ಒಂದೇ ಎಳೆಯದಲ್ಲ. 1296ರಲ್ಲಿ ಚೀನಾದ ರಾಯಭಾರದೊಂದಿಗೆ ಆಗಿನ ರಾಜಧಾನಿ ಅಂಕೋರಿಗೆ ಬಂದು ಸುಮಾರು ಒಂದು ವರ್ಷ ಉಳಿದ ಝೌ ದಾಗ್ವಾನ್ ಅಲ್ಲಿ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಅಲ್ಲಿನ ಜನ ದನವನ್ನು ಹತ್ತಿ ಸವಾರಿ ಮಾಡುವುದಿಲ್ಲ, ಸತ್ತ ಮೇಲೆ ತಿನ್ನುವುದಿಲ್ಲ, ಚರ್ಮವನ್ನೂ ಸುಲಿಯುವುದಿಲ್ಲ. ಮನುಷ್ಯನಿಗಾಗಿ ದುಡಿದ ಪ್ರಾಣಿ ಎಂಬ ಕಾರಣಕ್ಕೆ ಹಾಗೆಯೇ ಬಿಟ್ಟುಬಿಡುತ್ತಾರೆ ಎಂಬುದು ಅವನ ವರದಿ. ಈಗಲೂ ಮಳೆಗಾಲದ ಮೊದಲಲ್ಲಿ ರಾಜಮನೆತನದ ನೇಗಿಲ ಹಬ್ಬ ನಡೆಯುತ್ತದೆ. ಎತ್ತುಗಳ ಮುಂದೆ ಭತ್ತ, ಮೆಕ್ಕೆಜೋಳ, ಎಳ್ಳು, ಹುಲ್ಲು, ನೀರು ಮೊದಲಾದವನ್ನು ಇಟ್ಟು, ಅವು ಯಾವುದಕ್ಕೆ ಬಾಯಿ ಹಾಕುತ್ತವೆ ಎಂಬುದರ ಮೇಲೆ ಆ ವರ್ಷದ ಬೆಳೆಯ ಭವಿಷ್ಯ ಹೇಳುತ್ತಾರೆ. ಎತ್ತಿನ ಬಾಯಿಗೆ ಕಿವಿಗೊಡುವ ಅದೇ ನಾಡಿನಲ್ಲಿ ಲೊಕ್ ಲಾಕ್ ಅಚ್ಚುಮೆಚ್ಚಿನ ತಿನಿಸು. ಇದನ್ನು ವಿರೋಧಾಭಾಸ ಅನ್ನಲು ನನಗೆ ಮನಸ್ಸಿಲ್ಲ. ಏಳುನೂರು ವರ್ಷ ಬಾಳಿದ ಜನರ ತಟ್ಟೆಯಲ್ಲಿ ಏಳುನೂರು ವರ್ಷದ ಬದಲಾವಣೆಯೂ ಇರುತ್ತದೆ.

ಆ ಬದಲಾವಣೆಯ ಗುರುತುಗಳು ತಟ್ಟೆಯ ಮೇಲೇ ಇವೆ. ಬಾಣಲೆಯ ಬಿರುಸಿನ ಹುರಿಯುವಿಕೆ, ಸೋಯಾ ಚೀನಾದ ಕಡೆಯವು. ನೆರೆಯ ವಿಯೆಟ್ನಾಮಿನಲ್ಲಿ ಇದರ ಸೋದರನಂಥ ಅಡುಗೆಯೊಂದಿದೆ, ಹೆಸರೂ ಹೆಚ್ಚುಕಡಿಮೆ ಅದೇ. 1863ರಿಂದ 1953ರವರೆಗೆ ಕಾಂಬೋಡಿಯಾ ಫ್ರೆಂಚರ ಆಶ್ರಿತ ರಾಜ್ಯವಾಗಿತ್ತು. ದನದ ಮಾಂಸವನ್ನು ಹಸಿ ಎಲೆಗಳ ಮೇಲೆ ಬಡಿಸುವ ರೀತಿಯಲ್ಲಿ ಅವರ ಊಟದ ಮೇಜು ನೆನಪಾಗುತ್ತದೆ. ಟೊಮೆಟೊ ಅಮೆರಿಕ ಖಂಡದ್ದು. ಹಸಿಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು. ಅದು ಬರುವ ಮುಂಚೆ, ಅಂಕೋರಿನ ಬಯೋನ್ ದೇವಾಲಯದ ಗೋಡೆಯ ಮೇಲೆ ಮೀನು ಸುಡುವವರನ್ನೂ ಅನ್ನ ಬೇಯಿಸುವವರನ್ನೂ ಶಿಲ್ಪಿಗಳು ಕೆತ್ತಿದ ಕಾಲದಲ್ಲಿ, ಖಾರ ಬೇಕೆಂದರೆ ಶುಂಠಿಯ ಬಳಗ ಇಲ್ಲವೇ ಕಾಳುಮೆಣಸು.

ಆ ಕಾಳುಮೆಣಸು ನಮ್ಮ ಘಟ್ಟದ್ದು. ಪಶ್ಚಿಮಘಟ್ಟದ ಮಳೆಕಾಡು ಅದರ ತವರು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಬಳ್ಳಿಯ ದೆಸೆಯಿಂದ. ಅದಕ್ಕೂ ಎಷ್ಟೋ ಮೊದಲೇ ಬಳ್ಳಿ ಕಡಲು ದಾಟಿ ಪೂರ್ವಕ್ಕೆ ಹೋಗಿತ್ತು. ಝೌ ದಾಗ್ವಾನನೂ ಅಂಕೋರಿನ ನಾಡಿನಲ್ಲಿ ಮೆಣಸನ್ನು ಕಂಡಿದ್ದಾನೆ. ಮಲೆನಾಡಿನಲ್ಲಿ ಅಡಿಕೆ ಮರವನ್ನೋ ಸಿಲ್ವರ್ ಓಕನ್ನೋ ತಬ್ಬಿ ಏರುವ ಬಳ್ಳಿ, ಕಾಂಬೋಡಿಯಾದ ಕಂಪೋಟ್ ಸೀಮೆಯಲ್ಲಿ ಸಾಲಾಗಿ ನೆಟ್ಟ ಕಂಬಗಳನ್ನು ಹತ್ತುತ್ತದೆ. ಫ್ರೆಂಚರ ಕಾಲದಲ್ಲಿ ಕಂಪೋಟಿನ ಮೆಣಸು ಪ್ಯಾರಿಸ್ಸಿನ ಅಡುಗೆಮನೆಗಳಿಗೂ ಹೋಗುತ್ತಿತ್ತು. ಲೊಕ್ ಲಾಕ್ ಮಾಡಲು ಕಂಪೋಟಿನ ಕಾಳು ಸಿಕ್ಕದಿದ್ದರೆ ಸಿದ್ದಾಪುರದ್ದೋ ಕೊಡಗಿನದ್ದೋ ಕುಟ್ಟಿ ಹಾಕಿದರೆ ಅದು ಬದಲಿ ಸಾಮಾನು ಅನಿಸುವುದಿಲ್ಲ, ಬಳ್ಳಿಯ ತವರಿನಿಂದಲೇ ತಂದಂತೆ. ಪುಡಿ ಮಾಡಿಟ್ಟದ್ದು ಮಾತ್ರ ಬೇಡ. ಮೆಣಸಿನ ಪರಿಮಳ ಹಾರಿಹೋಗುವ ಎಣ್ಣೆಯಲ್ಲಿದೆ, ಕಾಳು ಒಡೆದ ಗಳಿಗೆಯಿಂದಲೇ ಅದು ಹೊರಟುಬಿಡುತ್ತದೆ.

ಇಷ್ಟೆಲ್ಲ ಬೆರಗಿನ ನಡುವೆ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಸಂಗತಿ: ಇದು ಮನೆಯಲ್ಲಿ ಮಾಡುವ ಅಡುಗೆ, ಮನೆಯಲ್ಲಿ ಅಡುಗೆ ಮಾಡುವುದೇ ಅಲ್ಲಿ ಒಮ್ಮೆ ಅಪರಾಧವಾಗಿತ್ತು.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ರಾಜಧಾನಿ ಫ್ನೋಮ್ ಪೆನ್ ನಗರಕ್ಕೆ ನುಗ್ಗಿತು. ಆಸ್ಪತ್ರೆಯ ರೋಗಿಗಳನ್ನೂ ಬಿಡದೆ ಇಡೀ ನಗರವನ್ನು ಹಳ್ಳಿಗಳಿಗೆ ಅಟ್ಟಿದರು. ದುಡ್ಡು ರದ್ದಾಯಿತು, ಸಂತೆ ರದ್ದಾಯಿತು. ಆಮೇಲೆ ಬಂದದ್ದು ಮನೆಯ ಒಲೆಯ ಸರದಿ. ಪಾತ್ರೆ ಪಡಗ ಕಿತ್ತುಕೊಂಡರು. ಊಟವೆಲ್ಲ ಸಾಮೂಹಿಕ ಚಪ್ಪರದಲ್ಲಿ, ಅದೂ ಅಗುಳು ಹುಡುಕಬೇಕಾದಂಥ ತೆಳು ಗಂಜಿ. ಹಿತ್ತಲಲ್ಲಿ ಒಂದು ಗೆಡ್ಡೆ ಅಗೆದು ಬೇಯಿಸಿಕೊಂಡರೆ ಅಪರಾಧ. ಜೀವ ಹೋಗುವಂಥ ಶಿಕ್ಷೆಯೂ ಆಗಬಹುದಿತ್ತು. ತಾಯಿ ಮಗುವಿಗೆ ತನ್ನ ಕೈಯಾರೆ ಒಂದು ತುತ್ತು ಬೇಯಿಸಿ ಹಾಕುವುದನ್ನು ಆಳುವವರು ತಮಗೆ ಎದುರಾದ ಶಕ್ತಿಯೆಂದು ಕಂಡರು. ಹಸಿವು, ರೋಗ, ದುಡಿತ, ಕೊಲೆಗಳಲ್ಲಿ 15ರಿಂದ 20 ಲಕ್ಷ ಜನ ಸತ್ತರು. ಆಗ ತನ್ನವರನ್ನು ಕಳೆದುಕೊಂಡ ನಿರ್ದೇಶಕ ರಿಥಿ ಪಾನ್ 2013ರಲ್ಲಿ ‘ದಿ ಮಿಸ್ಸಿಂಗ್ ಪಿಕ್ಚರ್’ ಎಂಬ ಚಿತ್ರ ಮಾಡಿದರು. ಆ ಬದುಕಿನ ನಿಜವಾದ ಚಿತ್ರಗಳು ಉಳಿದಿರಲಿಲ್ಲ, ಹಾಗಾಗಿ ಮಣ್ಣಿನ ಗೊಂಬೆಗಳಲ್ಲಿ ಆ ಮನೆ, ಆ ಹಸಿವುಗಳನ್ನು ಕಟ್ಟಿ ತೋರಿಸಿದರು.

ಭತ್ತವೊಂದೇ ಬೆಳೆ ಎಂದು ಸಾರಿದ ಆ ವರ್ಷಗಳಲ್ಲಿ ಕಂಪೋಟಿನ ಮೆಣಸಿನ ತೋಟಗಳು ಹಾಳು ಬಿದ್ದವು. ಪಾತ್ರೆಯಿಲ್ಲ, ಒಲೆಯಿಲ್ಲ, ಮೆಣಸಿಲ್ಲ. ಅಡುಗೆ ಉಳಿಯಬಹುದಾಗಿದ್ದ ಜಾಗ ಒಂದೇ, ಬದುಕುಳಿದವರ ಕೈ ಮತ್ತು ನಾಲಿಗೆ. 1979ರ ಜನವರಿಯಲ್ಲಿ ಆ ಆಳ್ವಿಕೆ ಬಿದ್ದ ಮೇಲೆ ಒಲೆಗಳು ಹೊತ್ತಿದ್ದು ಆ ನೆನಪಿನಿಂದ. ಎಷ್ಟು ಹುಳಿ, ಎಷ್ಟು ಸಿಹಿ, ಬೆಳ್ಳುಳ್ಳಿ ಯಾವಾಗ ಬೀಳಬೇಕು ಎಂದು ಕೇಳಲು ಹಿರಿಯರು ಎಷ್ಟೋ ಮನೆಗಳಲ್ಲಿ ಇರಲಿಲ್ಲ. ಇದ್ದವರು ಕಣ್ಣಳತೆಯಲ್ಲಿ ಹೇಳಿಕೊಟ್ಟರು. ಗಡಿಯಾಚೆಯ ನಿರಾಶ್ರಿತರ ಶಿಬಿರಗಳನ್ನು ಹಾದು ಅಮೆರಿಕ ಸೇರಿದವರಲ್ಲಿ ಅನೇಕರು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನೆಲೆಯೂರಿದರು. 2007ರಲ್ಲಿ ಅಲ್ಲಿನ ಒಂದು ಭಾಗಕ್ಕೆ ಕಾಂಬೋಡಿಯಾ ಟೌನ್ ಎಂಬ ಅಧಿಕೃತ ಹೆಸರೇ ಬಂತು. ಇತ್ತ ಕಂಪೋಟಿನಲ್ಲಿ ಮತ್ತೆ ಬಳ್ಳಿ ನೆಟ್ಟರು. ನೆಟ್ಟ ಮೆಣಸು ಕೈಗೆ ಹತ್ತಲು ಮೂರು ವರ್ಷವಾದರೂ ಕಾಯಬೇಕು ಎಂಬುದು ಮಲೆನಾಡಿನ ಯಾವ ರೈತನಿಗೂ ಗೊತ್ತು. ಅಂಥ ಕಾಲ ಕಂಡ ಜನ ಮೂರು ವರ್ಷ ಮುಂದಕ್ಕೆ ನೋಡಿ ಬಳ್ಳಿ ನೆಟ್ಟರಲ್ಲ, ನನಗೆ ಅದರ ಮುಂದೆ ಮಾತು ನಿಲ್ಲುತ್ತದೆ. 2010ರಲ್ಲಿ ಕಂಪೋಟ್ ಮೆಣಸಿಗೆ ಕಾಂಬೋಡಿಯಾದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, 2016ರಲ್ಲಿ ಐರೋಪ್ಯ ಒಕ್ಕೂಟವೂ ಒಪ್ಪಿತು.

ಈಗ ಲೊಕ್ ಲಾಕ್ ಮನೆಗೊಂದು ಥರ. ಒಬ್ಬರು ಟೊಮೆಟೊ ಸಾಸ್ ಸೇರಿಸಿ ಕೆಂಪಗೆ ಮಾಡಿದರೆ, ಇನ್ನೊಬ್ಬರಿಗೆ ಅದು ಸೇರದು. ಒಬ್ಬರಿಗೆ ತಾಳೆಬೆಲ್ಲ ಬೇಕು, ಮತ್ತೊಬ್ಬರಿಗೆ ಮೀನಿನ ಸಾಸ್ ಇಲ್ಲದಿದ್ದರೆ ಆಗದು. ಮೊಟ್ಟೆಯ ವಿಷಯದಲ್ಲಂತೂ ಒಮ್ಮತವೇ ಇಲ್ಲ. ಇಡೀ ದೇಶಕ್ಕೆ ಒಂದೇ ಗಂಜಿ ಎಂಬ ಕಾಲವನ್ನು ದಾಟಿದ ಮನೆಗಳಲ್ಲಿ ಇಂಥ ತಕರಾರು ಕೇಳಿಬರುವುದೇ ಎಂಥ ಸೊಗಸು! ನಾನು ಮೊಟ್ಟೆಯ ಪಕ್ಷ. ಹಳದಿ ಗಟ್ಟಿಯಾಗಿರಬಾರದು, ಅನ್ನದೊಳಕ್ಕೆ ಇಳಿಯಬೇಕು. ಟೊಮೆಟೊ ಸಾಸ್ ಬೇಡವೇ ಬೇಡ. ನಿಂಬೆಹಣ್ಣು ಮಾತ್ರ ಎಲ್ಲರೂ ಕೂತ ಮೇಲೆ ಹಿಂಡಿದರೆ ಸಾಕು.