ಕರುಣೆಗೂ ಕಲಿಕೆ ಬೇಕು

ಕರುಣೆಯು ಹುಟ್ಟಿನಿಂದ ಬರುವ ಗುಣವೋ, ಕಲಿತು ಪಡೆಯತಕ್ಕ ವಿದ್ಯೆಯೋ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮನಸ್ಸು ಒಳ್ಳೆಯದಾಗಿದ್ದರೆ ಕೈಯಿಂದ ಆಗುವ ಕೆಲಸವೂ ತಾನಾಗಿ ಒಳ್ಳೆಯದಾಗುತ್ತದೆಂದು ನಾವು ನಂಬಿಕೊಂಡಿದ್ದೇವೆ. ಶರಣರು ದಯೆಗೆ ಕೊಟ್ಟ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ಮತ್ತೆ ಹೇಳಬೇಕಾಗಿಲ್ಲ. ಆದರೆ ಅರಿವಿಲ್ಲದ ದಯೆಯು ತಾನು ಸೇವೆ ಮಾಡಹೊರಟವನಿಗೇ ಕೇಡು ತರಬಲ್ಲುದೆಂಬುದನ್ನು ನಾನು ಒಂದು ರುಗ್ಣಾಲಯದಲ್ಲಿ ಕಣ್ಣಾರೆ ಕಂಡೆನಾದುದರಿಂದ, ಆ ವಿಚಾರವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ದೊಡ್ಡಪ್ಪನವರಿಗೆ ಎಂಬತ್ತರ ಹತ್ತಿರದ ವಯಸ್ಸು. ಕಿವಿ ಹತ್ತು ವರ್ಷಗಳಿಂದ ಮಂದವಾಗುತ್ತ ಬಂದಿದೆ. ಹರ್ನಿಯಾದ ಶಸ್ತ್ರಚಿಕಿತ್ಸೆಗಾಗಿ ಅವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಹಿಂದಿನ ರಾತ್ರಿಯ ನಂತರ ಏನನ್ನೂ ತಿನ್ನಬಾರದೆಂದು ವೈದ್ಯರು ಆಜ್ಞೆ ಮಾಡಿದ್ದರು. ಆದರೆ ಆ ಆಜ್ಞೆಯನ್ನು ಕೇಳಿಸಿಕೊಂಡವನು ನಾನು, ದೊಡ್ಡಪ್ಪನವರಲ್ಲ. ಬೆಳಿಗ್ಗೆ ನಾನು ಔಷಧಿಯ ಅಂಗಡಿಗೆ ಹೋಗಿದ್ದಾಗ ಪಕ್ಕದ ಹಾಸಿಗೆಯವರು ಪ್ರೀತಿಯಿಂದ ಕೊಟ್ಟ ಎರಡು ಇಡ್ಲಿಗಳನ್ನು ಅವರು ತಿಂದುಬಿಟ್ಟರು. ಅನಂತರ ಬಂದ ದಾದಿ ಬಹಳ ಸೌಮ್ಯಳಾದ ಹುಡುಗಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಿಟಕಿಗೆ ಬೆನ್ನು ಮಾಡಿ ನಿಂತು, "ಅಜ್ಜಾರ, ಹೊಟ್ಟಿ ಖಾಲಿ ಐತಲ್ರೀ? ಏನೂ ತಿಂದಿಲ್ಲಲ್ರೀ?" ಎಂದು ಕೇಳಿದಳು. ದೊಡ್ಡಪ್ಪನವರು ಮುಗುಳ್ನಕ್ಕು ತಲೆಯಾಡಿಸಿದರು. ಅವಳು ಅವರ ಕೈಯನ್ನು ಮೃದುವಾಗಿ ತಟ್ಟಿ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಹೋದಳು.

ನಾನು ಮರಳಿ ಬಂದಾಗ ಇಡ್ಲಿಯ ಎಲೆ ಕಣ್ಣಿಗೆ ಬಿತ್ತು. ಅದು ಕಾಣದೆ ಹೋಗಿದ್ದರೆ ಆಗಬಹುದಾಗಿದ್ದುದು ಸಣ್ಣ ಸಂಗತಿಯಲ್ಲ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದ ಆಹಾರವು ಮೇಲಕ್ಕೆ ಬಂದು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಕ್ಕೇ ಅಪಾಯ. ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು. ಆ ಹುಡುಗಿ ಮೂಲೆಯಲ್ಲಿ ನಿಂತು ಅತ್ತಳು. ಅವಳಲ್ಲಿ ಕರುಣೆಗೇನೂ ಕೊರತೆಯಿರಲಿಲ್ಲ. ಕಿವಿ ಕೇಳದ ಮನುಷ್ಯನ ತಲೆಯಾಡಿಕೆಗೆ ಏನರ್ಥವೆಂಬುದನ್ನು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ.

ಆ ತಲೆಯಾಡಿಕೆಯನ್ನು ಕುರಿತು ಸ್ವಲ್ಪ ವಿಚಾರಿಸೋಣ. ವೃದ್ಧಾಪ್ಯದ ಕಿವುಡು ಒಮ್ಮೆಲೆ ಬರುವುದಿಲ್ಲ. ಎಲ್ಲ ಶಬ್ದಗಳನ್ನೂ ಸಮನಾಗಿ ಕುಗ್ಗಿಸುವುದೂ ಇಲ್ಲ. ಮೊದಲು ಕಳೆದುಹೋಗುವುವು ಸಣ್ಣ, ತೀಕ್ಷ್ಣವಾದ ಧ್ವನಿಗಳು; ಅಂದರೆ ಸಕಾರ, ಶಕಾರ, ಚಕಾರಗಳಂಥ ವ್ಯಂಜನಗಳು. ಸ್ವರಗಳು ಕೇಳುತ್ತವೆ, ವ್ಯಂಜನಗಳು ಅಳಿಸಿಹೋಗುತ್ತವೆ. ಆದಕಾರಣ 'ಸಾಲು', 'ಹಾಲು', 'ಕಾಲು' ಮೂರೂ ಒಂದೇ ಆಗಿಬಿಡುತ್ತವೆ. ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಮತ್ತೆ ಮತ್ತೆ "ಏನು?" ಎಂದು ಕೇಳಿದರೆ ಎದುರಿನವರು ಬೇಸರಪಡುವರೆಂಬ ಸಂಕೋಚದಿಂದ, ಮರ್ಯಾದಸ್ಥನಾದ ಹಿರಿಯನು ನಕ್ಕು ತಲೆಯಾಡಿಸುವುದನ್ನು ರೂಢಿಮಾಡಿಕೊಳ್ಳುತ್ತಾನೆ. ಅದು ಒಪ್ಪಿಗೆಯಲ್ಲ, ಎದುರಿನವರ ತಾಳ್ಮೆಯ ಮೇಲೆ ಅವನು ತೋರಿಸುವ ದಯೆ. ನಾವು ಕೂಗಿ ಹೇಳಿದರೆ ಸಾಕೆಂದುಕೊಳ್ಳುತ್ತೇವೆ. ಕೂಗಿದಾಗ ಸ್ವರವು ಉಬ್ಬುತ್ತದೆಯೇ ಹೊರತು ವ್ಯಂಜನವು ಸ್ಪಷ್ಟವಾಗುವುದಿಲ್ಲ. ಅದಲ್ಲದೆ ಕೂಗುವವನ ಮುಖವು ಕೋಪದ ಮುಖದಂತೆ ತೋರುತ್ತದೆ. ವೈದ್ಯರ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬಂದಾಗ 'ಅಜ್ಜನಿಗೆ ಅರುಳುಮರುಳು' ಎಂದು ತೀರ್ಮಾನಿಸಿಬಿಡುವುದೂ ಉಂಟು.

ಹಾಗಾದರೆ ಮಾಡತಕ್ಕದ್ದೇನು? ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಎದುರಿಗೆ ಕುಳಿತುಕೊಳ್ಳಬೇಕು. ತುಟಿಗಳನ್ನು ಮರೆಮಾಡಬಾರದು, 2020ರ ಸಾಂಕ್ರಾಮಿಕದ ಕಾಲದಲ್ಲಿ ಎಲ್ಲರ ಮುಖಕ್ಕೂ ಬಟ್ಟೆ ಬಂದಾಗ, ಇಷ್ಟು ಜನ ತುಟಿಯನ್ನು ನೋಡಿ ಮಾತು ತಿಳಿಯುತ್ತಿದ್ದರೆಂಬುದು ಮನೆಮನೆಗೂ ಅರಿವಾಯಿತು. ಕೂಗದೆ, ಬಿಡಿಸಿ, ನಿಧಾನವಾಗಿ ಹೇಳಬೇಕು. ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಹೇಳುವುದಕ್ಕಿಂತ ಬೇರೆ ಮಾತಿನಲ್ಲಿ ಹೇಳುವುದು ಲೇಸು. ಓದುಬಲ್ಲವರಿಗೆ ಬರೆದು ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 'ಹೌದು', 'ಇಲ್ಲ'ಗಳಲ್ಲಿ ಮುಗಿಯುವ ಪ್ರಶ್ನೆಯನ್ನು ಬಿಟ್ಟು, "ಕಡೆಯ ಸಲ ಏನು ತಿಂದಿರಿ, ಯಾವಾಗ ತಿಂದಿರಿ?" ಎಂದು ಕೇಳಬೇಕು. ತಲೆಯಾಡಿಸಿ ಆ ಪ್ರಶ್ನೆಗೆ ಉತ್ತರ ಕೊಡಲಾಗುವುದಿಲ್ಲ. ಇವುಗಳಲ್ಲಿ ಯಾವುದಕ್ಕೂ ಹಣದ ಖರ್ಚಿಲ್ಲ. ಆದರೆ ಯಾವುದೂ ಕಲಿಸದೆ ಬರುವುದಿಲ್ಲ.

ದೃಷ್ಟಿಯಿಲ್ಲದವರ ವಿಷಯವೂ ಹೀಗೆಯೇ. ಕಣ್ಣು ಕಾಣದ ಒಬ್ಬ ತಾಯಿಯವರು ನನಗೆ ಹೇಳಿದ ಮಾತನ್ನು ಮರೆಯಲಾರೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆದೊಯ್ಯುವ ಮುನ್ನ ಯಾರದೋ ಕೈ ಮಾತಿಲ್ಲದೆ ಬಂದು ಅವರ ಕೊರಳಿನ ಕರಡಿಗೆಯನ್ನು ಬಿಚ್ಚಲು ತೊಡಗಿತಂತೆ. ಕಳ್ಳರೆಂದು ತಿಳಿದು ಅವರು ಎರಡು ಕೈಗಳಿಂದಲೂ ಲಿಂಗವನ್ನು ಅವಚಿ ಹಿಡಿದು ಚೀರಿದರು. ಮೈಮೇಲಿನ ಲೋಹದ ವಸ್ತುಗಳನ್ನು ತೆಗೆಸುವುದು ಆಸ್ಪತ್ರೆಯ ನಿಯಮವಾಗಿರಬಹುದು; ಅದರಲ್ಲಿ ತಪ್ಪಿಲ್ಲ. ಆದರೆ ಅಂಗೈಯ ಲಿಂಗವನ್ನು ಕಣ್ಣಿನಿಂದ ನೋಡಲಾಗದೆ ಜನ್ಮವೆಲ್ಲ ಸ್ಪರ್ಶದಿಂದಲೇ ಅರಿತು ಪೂಜಿಸಿದವರಿಗೆ ಆ ಕ್ಷಣವು ಏನಾಗಿದ್ದಿತೆಂಬುದನ್ನು ಲಿಂಗಧಾರಿಗಳಾದ ವಾಚಕರು ಬಲ್ಲರು. "ತಾಯಿ, ನಾನು ಇಲ್ಲಿಯ ದಾದಿ. ಕೊರಳಿನ ಕರಡಿಗೆಯನ್ನು ಸ್ವಲ್ಪ ಹೊತ್ತು ತೆಗೆದಿಡಬೇಕಾಗಿದೆ. ನೀವೇ ತೆಗೆದು ಯಾರ ಕೈಗೆ ಕೊಡುತ್ತೀರಿ ಹೇಳಿರಿ" ಎಂಬ ಮೂರು ವಾಕ್ಯಗಳು ಸಾಕಾಗಿದ್ದುವು.

ಮೊದಲು ಹೆಸರು ಹೇಳಬೇಕು. ಮುಟ್ಟುವ ಮುನ್ನ ತಿಳಿಸಬೇಕು. ಕೋಣೆಯನ್ನು ಬಿಟ್ಟು ಹೋಗುವಾಗಲೂ ಹೇಳಿ ಹೋಗಬೇಕು, ಇಲ್ಲವಾದರೆ ಅವರು ಬರಿಯ ಗೋಡೆಯೊಡನೆ ಮಾತನಾಡುವಂತಾಗುತ್ತದೆ. ನಡೆಸುವಾಗ ತೋಳು ಹಿಡಿದು ದೂಡಬಾರದು. ನಮ್ಮ ಮೊಣಕೈಯನ್ನು ಅವರು ಹಿಡಿದುಕೊಳ್ಳುವಂತೆ ಮಾಡಿ ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಕುರ್ಚಿಯ ಬೆನ್ನಿನ ಮೇಲೆ ಅವರ ಕೈಯನ್ನಿರಿಸಿದರೆ ಅವರೇ ಕುಳಿತುಕೊಳ್ಳುವರು. ತಟ್ಟೆಯನ್ನು ಗಡಿಯಾರದ ಮುಖವೆಂದು ಭಾವಿಸಿ 'ಮೂರು ಗಂಟೆಯ ಕಡೆಗೆ ಪಲ್ಯ, ಆರು ಗಂಟೆಯ ಕಡೆಗೆ ಅನ್ನ' ಎಂದು ತಿಳಿಸಬಹುದು. 'ಅಲ್ಲಿ', 'ಇಲ್ಲಿ' ಎಂಬ ಮಾತುಗಳಿಗೆ ಅವರಲ್ಲಿ ಅರ್ಥವಿಲ್ಲ. ಬೆಳಗಿನ ಗುಳಿಗೆಯ ಡಬ್ಬಿಗೆ ಒಂದು ರಬ್ಬರಿನ ಉಂಗುರ, ರಾತ್ರಿಯದಕ್ಕೆ ಎರಡು ಹಾಕಿಕೊಟ್ಟರೆ, ಯಾರ ಹಂಗೂ ಇಲ್ಲದೆ ಅವರು ಔಷಧಿಯನ್ನು ತಾವೇ ತೆಗೆದುಕೊಳ್ಳಬಲ್ಲರು.

ಇಲ್ಲಿ ಒಂದು ಆಕ್ಷೇಪ ಏಳಬಹುದು. 'ಕರುಣೆಯನ್ನು ಪಾಠಮಾಡಿ ಕಲಿಸಲು ಬರುತ್ತದೆಯೆ? ಅದನ್ನು ನಿಯಮಗಳ ಪಟ್ಟಿಯನ್ನಾಗಿ ಮಾಡಿದರೆ ಒಣ ಆಚಾರವಾಗಿ ಉಳಿಯುವುದಿಲ್ಲವೆ?' ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಮನಸ್ಸಿಲ್ಲದವನು ನಿಯಮವನ್ನು ಪಾಲಿಸಿದರೂ ಅದು ಯಂತ್ರದ ಕೆಲಸವೇ ಸರಿ. ಆದರೆ ಅರಿವು ಆಚಾರಗಳನ್ನು ಬೇರೆ ಬೇರೆ ಮಾಡಬಾರದೆಂಬುದು ಶರಣರ ಬೋಧೆ. ನೇಯುವ ಕಾಯಕದಲ್ಲಿ ಎಷ್ಟೇ ಭಕ್ತಿಯಿದ್ದರೂ, ಹಾಸು ಹೊಕ್ಕುಗಳನ್ನು ತಿಳಿಯದವನು ಬಟ್ಟೆಯನ್ನು ನೇಯಲಾರನು. ಭಕ್ತಿಯು ಅವನನ್ನು ಮಗ್ಗದ ಬಳಿಗೆ ತರುತ್ತದೆ. ಬಟ್ಟೆಯನ್ನು ಕೊಡುವುದು ಕಲಿಕೆ. ರೋಗಿಯ ಸೇವೆಯು ಕಾಯಕವಾದಲ್ಲಿ ಅದಕ್ಕೂ ಈ ಮಾತು ಸಲ್ಲಬೇಡವೆ?

ಇದಕ್ಕೆ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. 1892ರಲ್ಲಿ ಹುಟ್ಟುಗುರುಡರಾಗಿ ಜನಿಸಿದ ಪಂಚಾಕ್ಷರಿ ಗವಾಯಿಗಳನ್ನು ಬಾಲ್ಯದಲ್ಲಿ ಕೈಹಿಡಿದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. ಅವರು ಕುರುಡು ಬಾಲಕನನ್ನು ಕಂಡು ಕಣ್ಣೀರು ಸುರಿಸಿ, ಅನ್ನವಿಕ್ಕಿ ಸುಮ್ಮನಾಗಲಿಲ್ಲ. ಅವನಲ್ಲಿದ್ದ ಶಕ್ತಿಯನ್ನು ಗುರುತಿಸಿ, ಸಂಗೀತ ವಿದ್ಯೆಯನ್ನು ಕಲಿಯುವ ಏರ್ಪಾಡನ್ನು ಮಾಡಿದರು. ಆ ಕರುಣೆಯು ವಿದ್ಯೆಯಾಗಿ ಪರಿಣಮಿಸಿದ್ದರಿಂದಲೇ ಗದುಗಿನ ವೀರೇಶ್ವರ ಪುಣ್ಯಾಶ್ರಮವು ನಿಂತಿತು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳವರೆಗೂ ಆ ಪರಂಪರೆ ಬೆಳಗಿತು. ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯನಿಗೆ ಕಲಿಸಿದ ಆ ಕ್ಷೇತ್ರವು ನಮಗೆ ತೋರಿಸಿಕೊಡುವುದು ಇದನ್ನೇ: ಇಂಥವರಿಗೆ ಮರುಕದಿಂದ ಆಗುವ ಉಪಕಾರಕ್ಕಿಂತ ಕ್ರಮವನ್ನು ಅರಿತವರಿಂದ ಆಗುವ ಉಪಕಾರವು ದೊಡ್ಡದು.

ಎರಡನೆಯ ಆಕ್ಷೇಪವು ವೈದ್ಯರದು. 'ದಿನಕ್ಕೆ ನೂರು ರೋಗಿಗಳನ್ನು ನೋಡುವ ನಮಗೆ ಒಬ್ಬೊಬ್ಬರೆದುರು ಕುಳಿತು ಬರೆದು ತೋರಿಸುವಷ್ಟು ವೇಳೆಯೆಲ್ಲಿ?' ಎಂದು ಅವರು ಕೇಳಿದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು. ಅವರ ಮೇಲಿನ ಹೊರೆ ನಿಜವಾದುದು. ಆದರೆ ಲೆಕ್ಕವನ್ನು ಪೂರ್ತಿಯಾಗಿ ಮಾಡಬೇಕು. ದೊಡ್ಡಪ್ಪನವರೆದುರು ಉಳಿಸಿದ ಅರ್ಧ ನಿಮಿಷವು ಶಸ್ತ್ರಚಿಕಿತ್ಸೆಯ ಕೋಣೆಯ ಒಂದು ಹೊತ್ತನ್ನೇ ನುಂಗಿತು. ತಪ್ಪು ತಿಳಿದು ತೆಗೆದುಕೊಂಡ ಗುಳಿಗೆ, ಹೆಸರು ಕೂಗಿದ್ದು ಕೇಳದೆ ತಪ್ಪಿದ ಸರದಿ, ಗೋಡೆಯ ಹಲಗೆಯ ಮೇಲೆ ಮೂಡಿದ ಸಂಖ್ಯೆ ಕಾಣದೆ ಸಂಜೆಯವರೆಗೆ ಕುಳಿತು ಮರಳಿದ ಮುದುಕಿ, ಇವೆಲ್ಲವೂ ಆ ಲೆಕ್ಕದಲ್ಲಿ ಸೇರಬೇಕಾದುವು.

ಇಂಥ ರೋಗಿಗಳು ಎಲ್ಲಿಯೋ ಒಬ್ಬರು ಎನ್ನುವಂತಿಲ್ಲ. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷದಷ್ಟು, ಶ್ರವಣದೋಷವುಳ್ಳವರು 50 ಲಕ್ಷದಷ್ಟು ಎಂದು ಎಣಿಕೆಯಾಗಿದೆ. ನಮ್ಮ ದೊಡ್ಡಪ್ಪನವರಂತೆ 'ನನಗೇನೂ ಆಗಿಲ್ಲ' ಎನ್ನುವ ಹಿರಿಯರೆಲ್ಲ ಆ ಲೆಕ್ಕಕ್ಕೆ ಬಂದಿರಲಾರರು. ಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತವು 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯು, ವಿಕಲಚೇತನರಿಗೆ ಉಳಿದವರಿಗೆ ಸಮನಾದ ಚಿಕಿತ್ಸೆಯನ್ನು ಅವರ ತಿಳಿದ ಒಪ್ಪಿಗೆಯ ಮೇಲೆ ಕೊಡಬೇಕೆಂದೂ, ಅದಕ್ಕಾಗಿ ವೈದ್ಯವೃತ್ತಿಯವರಿಗೆ ತರಬೇತಿಯಾಗಬೇಕೆಂದೂ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ವೈದ್ಯರು, ದಾದಿಯರು ಮೊದಲಾದವರ ಶಿಕ್ಷಣದಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ವಿಧಿಸಿದೆ. ಆದರೆ ಕಾಯಿದೆಯ ಅಕ್ಷರವು ದಾದಿಯ ನಾಲಗೆಗೂ ಬೆರಳಿಗೂ ಇಳಿಯಬೇಕಾದರೆ ಕಲಿಸುವವರು ಬೇಕು.

ಕಲಿಸುವವರು ಯಾರು? ಕೆಲವೆಡೆ ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಗಂಟೆ ಓಡಾಡಿಸುವ ಪದ್ಧತಿಯುಂಟು. ಅದರಿಂದ ಕತ್ತಲೆಯ ಭಯವು ತಿಳಿಯುತ್ತದೆ. ಆದರೆ ಆ ಕತ್ತಲೆಯಲ್ಲಿಯೇ ಬಾಳಿ ದಾರಿಯನ್ನು ಕಂಡುಕೊಂಡವರ ಸಾಮರ್ಥ್ಯವು ತಿಳಿಯುವುದಿಲ್ಲ. 'ಅಯ್ಯೋ ಪಾಪ' ಎಂಬ ಭಾವವು ಮಾತ್ರ ಬಲಿಯುವ ಅಪಾಯವುಂಟು. ಆದುದರಿಂದ ಕಣ್ಣು ಕಾಣದವರೂ ಕಿವಿ ಕೇಳದವರೂ ತಾವೇ ಬಂದು ಪಾಠ ಹೇಳುವುದು ಮೇಲು. ಯಾರನ್ನು ನಾವು ದಯೆಗೆ ಪಾತ್ರರೆಂದು ಭಾವಿಸಿದ್ದೆವೋ ಅವರೇ ಗುರುಸ್ಥಾನದಲ್ಲಿ ನಿಂತಾಗ, ಕಲಿಯುವವನ ಅಹಂಕಾರವು ತಾನಾಗಿ ಕರಗುತ್ತದೆ. ಜಾತಿ, ಕುಲ, ಅಂಗಲಕ್ಷಣಗಳನ್ನು ನೋಡದೆ ಅರಿವುಳ್ಳವರಿಗೆ ಗುರುತ್ವವನ್ನು ಕೊಟ್ಟ ಪರಂಪರೆಯವರಾದ ನಮಗೆ ಇದು ಹೊಸ ಮಾತಲ್ಲ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಮಾತು ಬಾರದ, ಕಿವಿ ಕೇಳದ ಸೊಸೆಯನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಅತ್ತೆಯೊಡನೆಯೋ, ಹತ್ತು ವರ್ಷದ ಮಗನೊಡನೆಯೋ ಮಾತನಾಡುತ್ತಾರೆ. ಅವಳ ಗರ್ಭದ ಸಂಗತಿ, ಅವಳ ನೋವಿನ ಗುಟ್ಟು ಎಲ್ಲವೂ ಮತ್ತೊಬ್ಬರ ಬಾಯಲ್ಲಿ ಹಾದುಹೋಗುತ್ತವೆ. ಕೊನೆಗೆ ಓದದ ಕಾಗದದ ಮೇಲೆ ಅವಳ ಹೆಬ್ಬೆರಳನ್ನು ಒತ್ತಿಸಿಕೊಳ್ಳುತ್ತಾರೆ. ಇದು ಒಪ್ಪಿಗೆಯೆ? ಸಂಜ್ಞಾಭಾಷೆಯನ್ನು ಬಲ್ಲ ದುಭಾಷಿಗಳನ್ನು ಸಿದ್ಧಪಡಿಸುವುದಕ್ಕೆಂದೇ 2015ರಲ್ಲಿ ದೆಹಲಿಯಲ್ಲಿ ಒಂದು ಕೇಂದ್ರವು ಸ್ಥಾಪಿತವಾಗಿದೆ. ಅಂಥವರು ದೊರೆಯದ ಊರಿನಲ್ಲಿಯೂ ಚಿತ್ರ ಬರೆದು, ಅಭಿನಯಿಸಿ, ಅವಳ ಮುಖವನ್ನೇ ನೋಡುತ್ತ ತಿಳಿಸುವ ಪ್ರಯತ್ನವನ್ನಾದರೂ ಮಾಡಬಹುದು. ದೇಹವು ಯಾರದೋ ಮಾತೂ ಅವರೊಡನೆಯೇ ಆಗಬೇಕು.

ಈ ಮಾತನ್ನು ಬರೆಯುವಾಗ ನನ್ನ ತಪ್ಪೂ ನೆನಪಾಗುತ್ತದೆ. ಆ ದಿನ ವೈದ್ಯರು ಉಪವಾಸದ ಆಜ್ಞೆಯನ್ನು ನನಗೆ ಹೇಳಿದಾಗ, 'ದೊಡ್ಡಪ್ಪನವರಿಗೇ ಹೇಳಿರಿ' ಎಂದು ನಾನು ಅನ್ನಲಿಲ್ಲ. ಅವರ ಪರವಾಗಿ ಮಾತನಾಡುವುದೇ ಸೇವೆಯೆಂದು ಭಾವಿಸಿದ್ದೆ. ದಾದಿಯ ಅಜ್ಞಾನಕ್ಕೆ ತರಬೇತಿಯ ಅಭಾವವು ಕಾರಣವಾದರೆ, ನನ್ನ ಅಜ್ಞಾನಕ್ಕೆ ಹತ್ತು ವರ್ಷಗಳ ಸಹವಾಸವೂ ಮದ್ದಾಗಿರಲಿಲ್ಲ. ಆದಕಾರಣ ಗೃಹಸ್ಥರಾದ ನಾವು ಮನೆಯ ಹಿರಿಯರೊಡನೆ ಈ ಕ್ರಮವನ್ನು ಮೊದಲು ಅಭ್ಯಾಸ ಮಾಡೋಣ. ಆಸ್ಪತ್ರೆಗೆ ಹೋಗುವಾಗ 'ಇವರಿಗೆ ಕಿವಿ ಕೇಳದು, ಎದುರು ನಿಂತು ನಿಧಾನವಾಗಿ ಮಾತನಾಡಿರಿ' ಎಂದು ಒಂದು ಚೀಟಿಯನ್ನು ಬರೆದು, ಅವರ ಒಪ್ಪಿಗೆ ಪಡೆದು, ಕಾಗದಪತ್ರಗಳ ಮೇಲೆ ಅಂಟಿಸೋಣ. ನಮ್ಮ ಮಠಗಳೂ ಸಂಘಸಂಸ್ಥೆಗಳೂ ನಡೆಸುವ ವೈದ್ಯಕೀಯ ಮತ್ತು ಶುಶ್ರೂಷಾ ವಿದ್ಯಾಲಯಗಳಲ್ಲಿ, ನೇತ್ರಚಿಕಿತ್ಸಾ ಶಿಬಿರಗಳಲ್ಲಿ ಈ ಪಾಠವು ನಡೆಯಲೆಂದು ಹಿರಿಯರಲ್ಲಿ ಬಿನ್ನವಿಸಿಕೊಳ್ಳೋಣ. ದಾಸೋಹವೆಂದರೆ ಅನ್ನವನ್ನು ನೀಡುವುದು ಮಾತ್ರವಲ್ಲ. ತೆಗೆದುಕೊಳ್ಳುವವನ ಕೈ ಎಲ್ಲಿದೆಯೆಂದು ನೋಡಿ ನೀಡುವುದು.

ತಿಂಗಳ ನಂತರ ದೊಡ್ಡಪ್ಪನವರ ಶಸ್ತ್ರಚಿಕಿತ್ಸೆ ಸಾಂಗವಾಗಿ ನೆರವೇರಿತು. ಆ ಬೆಳಿಗ್ಗೆ ಅದೇ ಹುಡುಗಿ ಬಂದಳು. ಕಿಟಕಿಯ ಬೆಳಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕುಳಿತಳು. ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅವರ ಕೈಗಿತ್ತಳು. ಅವರು ಕನ್ನಡಕವನ್ನು ಏರಿಸಿಕೊಂಡು, ಓದಿ, ಯೋಚಿಸಿ, "ರಾತ್ರಿ ಎಂಟಕ್ಕ ರೊಟ್ಟಿ ತಿಂದೀನವ್ವಾ, ಆಮ್ಯಾಲೆ ಏನೂ ಇಲ್ಲ" ಎಂದರು. ಅವಳು ಹೋದ ಮೇಲೆ ನನ್ನ ಕಡೆಗೆ ತಿರುಗಿ, "ಈ ಸಲ ನನ್ನನ್ನ ಕೇಳಿದ್ಲು ನೋಡಪಾ" ಎಂದರು. ಅವರ ಮುಖದಲ್ಲಿ ಆಗ ಇದ್ದುದು ಹಳೆಯ ಮುಗುಳ್ನಗೆಯಾಗಿರಲಿಲ್ಲ.